ಚಪ್ಪಲಿ ಲೆಕ್ಕ

ಶಿವರಾಮಪೇಟೆಯಲ್ಲಿ, ಊದುಬತ್ತಿ ಸಗಟಂಗಡಿಯ ಮಹಡಿ ಮೇಲೆ ನಮ್ಮ ಆಫೀಸು.
ಹತ್ತೊಂಬತ್ತು ಮೆಟ್ಟಿಲು. ಹತ್ತಿ ಬಂದವರು
ಏದುಸಿರಲ್ಲೇ ಕೇಳುತ್ತಾರೆ: 'ಎಷ್ಟಕ್ಕೆ ನಿಂತಿದೆ?'
ನಿಲ್ಲುವುದಿಲ್ಲ ಅದು. ಇಪ್ಪತ್ತೆರಡು ವರ್ಷದಿಂದ
ಇದೇ ಕುರ್ಚಿಯಲ್ಲಿ ಕೂತು ನಾನು ಹೇಳಿರುವುದಿಷ್ಟೇ.

ಬಾಗಿಲಾಚೆ ಚಪ್ಪಲಿ ಬಿಡುವ ಪದ್ಧತಿ ಹಳೇ ಧಣಿಗಳದು,
ಲಕ್ಷ್ಮಿಯ ಜಾಗವಂತೆ. ಅವರು ಹೋದರು, ಪದ್ಧತಿ ಉಳಿಯಿತು.
ಎಣಿಕೆ ಮಾತ್ರ ನನ್ನದು:
ದಿನಾ ಹನ್ನೊಂದಕ್ಕೆ ಎದ್ದು ಹೋಗಿ
ಎಷ್ಟು ಜೊತೆ ಎಂದು ಉದ್ದ ಪುಸ್ತಕದಲ್ಲಿ,
ಸೂಚ್ಯಂಕದ ಪಕ್ಕದ ಕಾಲಮಿನಲ್ಲಿ.

ಸಾಧಾರಣ ಮಂಗಳವಾರಕ್ಕೆ ಐದು.
ದಸರೆಯ ವಾರ ಮೂರು.
ಎರಡು ಸಾವಿರದ ಏಳರ ಡಿಸೆಂಬರಿನಲ್ಲಿ ಮೂವತ್ತೆಂಟು,
ಮೆಟ್ಟಿಲಿಗೂ ಇಳಿದಿದ್ದವು: ಬೆಲೆ ಚೀಟಿ ಕೀಳದ ಹೊಸವು,
ಕಬ್ಬಿನ ಗದ್ದೆಯ ಕೆಸರು ಒಣಗಿದವು,
ಒಂದು ಜೊತೆ ಪೊಲೀಸಿನವರ ಕಂದು ಬೂಟು.
ಯಾರಿಗೂ ಭಯವಿರಲಿಲ್ಲ.
ಈಗ ಆ ಸಾಲನ್ನು ಓದುವಾಗ ಭಯವಾಗುತ್ತದೆ.
ಮುಂದಿನ ಜನವರಿಯ ಆ ಸೋಮವಾರ ಇಪ್ಪತ್ತಾರು,
ಶುಕ್ರವಾರಕ್ಕೆ ಎರಡು.
ಅದರಲ್ಲೊಂದು ನನ್ನದು.

ಇವತ್ತು ಟಿವಿಯ ಹುಡುಗ ಕಿರುಚುತ್ತಿದ್ದ,
'ಹಿಂದೆಂದೂ ಕಾಣದ ಕುಸಿತ!'
ಹಿಂದೆಂದೂ ಎಂದರೆ, ಅವನಿಗೆ ಮೀಸೆ ಬಂದ ಮೇಲೆ.
ಚಪ್ಪಲಿ ಹದಿನೇಳು.

ಮೂಲೆಯ ಬೆಂಚಿನಲ್ಲಿ ಯಾಲಕ್ಕಿಗೌಡರು,
ಕನ್ನಂಬಾಡಿಯಲ್ಲಿ ಮೂವತ್ತು ವರ್ಷ ನೀರಿನಳತೆ ಬರೆದವರು.
'ಇಂಥಾದ್ದು ಏಸು ಸಲ ಆಗದೆ, ತಗಿಯವ್ವ ನಿನ್ ಪುಸ್ತಕ' ಎಂದರು.
ಬೆರಳಿಟ್ಟು ಹುಡುಕಿದೆವು.
ಒಂದೇ ದಿನಕ್ಕೆ ನೂರಕ್ಕೆ ಮೂರು ಜಾರಿದ ದಿನಗಳು
ಬಿಡಿಬಿಡಿಯಾಗಿ ಬರುವುದಿಲ್ಲ,
ಗೌರಿ ಹಬ್ಬದ ನೆಂಟರಂತೆ, ಒಬ್ಬರ ಬೆನ್ನಿಗೆ ನಾಲ್ವರು;
ಆಮೇಲೆ ತಿಂಗಳುಗಟ್ಟಲೆ ಪುಟ ಬಣಬಣ.

'ಸರಾಸರಿ ಎಷ್ಟಮ್ಮಾ?' ಮಂಡಿ ಮೊಹಲ್ಲಾದ ಟಯರಂಗಡಿ ಅಕ್ರಂ ಸಾಹೇಬರು.
ಗೌಡರು ನಕ್ಕರು: 'ಸರಾಸರಿ ನೀರು ಅಂತ ಒಂದದೆ ಸಾಬ್ರೆ,
ವರ್ಷಕ್ಕೊಂದ್ಸಲ ಆಫೀಸ್ಗೆ ಬರ್ದು ಕಳುಸ್ತಿದ್ದೊ.
ಆ ಅಡಿಗೆ ಸರಿಯಾಗಿ ಕಟ್ಟೆ ನಿಂತಿದ್ದು
ನನ್ ಸರ್ವೀಸಲ್ಲಿ ಒಂಬತ್ ದಿನ.
ಮಿಕ್ಕಿದ್ ದಿನೆಲ್ಲ ಏರ್ತಿತ್ತು, ಇಲ್ಲ ಇಳೀತಿತ್ತು.'

ಹಾಗಾದರೆ ಹೆದರಬೇಡಿ ಎನ್ನುತ್ತದೆಯೇ ಪುಸ್ತಕ?
ಪುಟ ತಿರುವಿದೆ. ಎರಡು ಸಾವಿರದ ಇಪ್ಪತ್ತು, ಮಾರ್ಚ್ ಇಪ್ಪತ್ತಮೂರು.
ಸೂಚ್ಯಂಕದ ಮನೆ ತುಂಬ ಕೆಂಪು ಶಾಯಿ,
ಚಪ್ಪಲಿಯ ಮನೆಯಲ್ಲಿ ಸೊನ್ನೆ.
ಕೆಳಗೆ ಶಟರು ಎಳೆದಿತ್ತು, ಮನೆಯಲ್ಲಿ ನನ್ನ ಫೋನು ಕೆಂಡವಾಗಿತ್ತು.
ಆ ಸೊನ್ನೆಯನ್ನು ಕೂಡಿಸಿ ಭಾಗಿಸಿದರೆ
ಅದೊಂದು ನೆಮ್ಮದಿಯ ದಿನ.
ಬಿಟ್ಟು ಭಾಗಿಸಿದರೆ, ಅಂಥ ದಿನವೇ ಇರಲಿಲ್ಲ.
ಐದು ವರ್ಷವಾಯಿತು, ಯಾವುದಕ್ಕೂ ಮನಸ್ಸು ಬಾರದೆ
ಪೆನ್ಸಿಲ್ಲಿನಲ್ಲೇ ಬಿಟ್ಟಿದ್ದೇನೆ.
ಗೌಡರ ಬೆರಳು ಅಲ್ಲಿಗೆ ಬರುವ ಮುಂಚೆ ಪುಟ ಮಗುಚಿದೆ.

ಲೀಲಾಜಮ್ಮಣ್ಣಿ ಇಷ್ಟು ಹೊತ್ತೂ ಸುಮ್ಮನಿದ್ದರು.
ಕನ್ನಡಕ ಒರೆಸಿಕೊಂಡು, 'ಅರ್ಧ ಮಾರಿಬಿಡು' ಎಂದರು.
'ಅಮ್ಮಣ್ಣೀ, ಪುಸ್ತಕ ನೋಡಿದಿರಲ್ಲ...'
'ಪುಸ್ತಕ ಸರಿಯಾಗೇ ಇದೆ ಮಗು. ನನಗೆ ಎಂಬತ್ತೊಂದು.
ನಿನ್ನ ಸರಾಸರಿ ವಾಪಸು ಬರುವ ತನಕ
ನಾನೂ ಇರಬೇಕಲ್ಲ.'
ಮಾರಿದೆ. ಕೀಲಿ ಒತ್ತುವ ಸದ್ದು ಅಷ್ಟು ಜೋರೆಂದು
ಯಾವತ್ತೂ ಅನ್ನಿಸಿರಲಿಲ್ಲ.

ಮೂರೂವರೆಗೆ ಪೇಟೆ ಮುಚ್ಚಿತು. ಎಷ್ಟಕ್ಕೆ ಎಂಬುದು ನಾಳೆಯ ಪೇಪರಿನಲ್ಲಿರುತ್ತದೆ.
ಬೀಗ ಹಾಕಿ ತಿರುಗಿದರೆ
ಬಾಗಿಲಾಚೆ ಉಳಿದದ್ದು ಒಂದು ಜೊತೆ;
ಎಡಗಾಲಿನದು ನನ್ನದೇ,
ಬಲಗಾಲಿನದು ಯಾರೋ ಗಂಡಸಿನ ತೊಗಲಿನದು, ಎರಡಂಗುಲ ದೊಡ್ಡದು.
ನನ್ನದೊಂದನ್ನು ಮೆಟ್ಟಿಕೊಂಡು ಇಳಿದು ಹೋದವರಿಗೆ
ಬೆರಳು ಕಚ್ಚಿದ್ದೂ ಗೊತ್ತಾಗಿಲ್ಲ.

ಇದಕ್ಕೆ ಕಾಲಮಿಲ್ಲ.
ಹದಿನೇಳೆಂದು ಬರೆದದ್ದನ್ನು ಹಾಗೇ ಬಿಟ್ಟು
ಹತ್ತೊಂಬತ್ತು ಮೆಟ್ಟಿಲನ್ನೂ ಗೋಡೆ ಹಿಡಿದು ಇಳಿದೆ,
ಒಂದು ಕಾಲು ಟಪ್ಪೆಂದು, ಇನ್ನೊಂದು ಸರ್ರನೆ ಎಳೆಯುತ್ತ.